ಜೈಲಿನ ಕೊಟ್ಟಿಗೆಯಲ್ಲಿ ಕಲಿತದ್ದು ಊರಿಗೆ ಬಂದಾಗ: ಶಿರಸಿ ಭಾಗದ ಒಂದು ಪ್ರಕರಣ

ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಐವತ್ತು ದಾಟಿದ ಒಬ್ಬರಿದ್ದಾರೆ. ಬೇಲಿ ಜಗಳದಲ್ಲಿ ದಾಯಾದಿಯನ್ನು ಕೊಂದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿತ್ತು. ಹದಿನಾಲ್ಕು ವರ್ಷಕ್ಕೂ ಜಾಸ್ತಿ ಒಳಗಿದ್ದು, ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದರು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೇರೆ ಜಿಲ್ಲೆಯ ಜೈಲಿನ ದನದ ಕೊಟ್ಟಿಗೆಯಲ್ಲಿ. ಈಗ ಊರಲ್ಲಿ ಹೈನುಗಾರಿಕೆ ಮಾಡುತ್ತಾರೆ. ಸುತ್ತಲಿನ ಮನೆಗಳಲ್ಲಿ ದನಕ್ಕೆ ಹುಷಾರಿಲ್ಲ ಎಂದರೆ ಮೊದಲು ಹೋಗಿ ನೋಡುವವರೂ ಇವರೇ.

ನಾನು ಈ ಭಾಗದ ಪಶುವೈದ್ಯ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಜೈಲು ಯಾವುದನ್ನೂ ಹೇಳುವುದಿಲ್ಲ. ಸತ್ತವರ ಮನೆ ಅದೇ ಊರಲ್ಲಿದೆ. ಅವರ ನೋವಿಗೆ ಇನ್ನೊಂದು ಸೇರುವುದು ಬೇಡ.

ಪ್ರಾಣಿ ಸಾಕಿದರೆ ಕೈದಿಯ ಮನಸ್ಸು ಮೃದುವಾಗುತ್ತದೆ ಅಂತ ಜನ ಹೇಳುತ್ತಾರೆ. ಇರಬಹುದು, ಮನಸ್ಸು ಅಳೆಯುವ ಕೆಲಸ ನನ್ನದಲ್ಲ. ಈ ಪ್ರಕರಣದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೊಟ್ಟಿಗೆ ಇವರಿಗೆ ಒಂದು ಕೆಲಸ ಕೊಟ್ಟಿತು. ಆ ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ಅಂತ ಹಸುವನ್ನು ನೋಡಿದರೇ ಗೊತ್ತಾಗುತ್ತಿತ್ತು, ಯಾರ ಶಿಫಾರಸೂ ಬೇಕಿರಲಿಲ್ಲ. ಆದರೆ ಅಷ್ಟು ವರ್ಷ ಕಲಿತದ್ದು ಜೈಲಿನ ಬಾಗಿಲು ದಾಟಿದ ದಿನವೇ ಬಹುತೇಕ ಕೈತಪ್ಪಿ ಹೋಗುವುದರಲ್ಲಿತ್ತು. ಅದು ಹೇಗೆ, ಮತ್ತೆ ಹೇಗೆ ಉಳಿಯಿತು ಎಂಬುದೇ ಇಲ್ಲಿನ ವಿಷಯ.

ಒಳಗಿನ ಕೊಟ್ಟಿಗೆ

ಮೊದಲ ವರ್ಷಗಳಲ್ಲಿ ಅವರಿಗೆ ಮಗ್ಗದ ವಿಭಾಗದಲ್ಲಿ ಕೆಲಸ, ಆಮೇಲೆ ಅಡುಗೆಮನೆಯಲ್ಲಿ. ಕೊಲೆ ಕೇಸಿನ ಜೀವಾವಧಿ ಕೈದಿಗಳನ್ನು ಕನಿಷ್ಠ 14 ವರ್ಷ ಒಳಗಿರದೆ ಬಿಡುವಂತಿಲ್ಲ ಅಂತ ಕಾನೂನಿದೆ. ಹಾಗಾಗಿ ಅಂಥವರು ಜೈಲಿನಲ್ಲಿ ಒಂದೊಂದೇ ವಿಭಾಗ ದಾಟುತ್ತಾ ಹೋಗುತ್ತಾರೆ. ಆ ಜೈಲಿಗೆ ಸ್ವಲ್ಪ ಕೃಷಿ ಜಮೀನಿತ್ತು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ಹಸುಗಳಿದ್ದವು. ಹಾಲು ಜೈಲಿನ ಚಹಾಕ್ಕೆ ಮತ್ತು ಒಳಗಿನ ಆಸ್ಪತ್ರೆಗೆ ಹೋಗುತ್ತಿತ್ತು. ಇವರು ದನಗಳ ನಡುವೆಯೇ ಬೆಳೆದವರು. ಕೇಳಿಕೊಂಡು ಅಲ್ಲಿಗೆ ಹೋದರು.

ಸೇರಿದ ಹೊಸದರಲ್ಲಿ ಸಿಕ್ಕಿದ್ದು ಸೆಗಣಿ ಎತ್ತುವ ಕೆಲಸ. ಆ ಕೊಟ್ಟಿಗೆಯಲ್ಲಿ ಕೆಲವರು ಯಾವಾಗಲೂ ಸೆಗಣಿಗೆ, ಕೆಲವರು ಯಾವಾಗಲೂ ಹಾಲು ಕರೆಯುವುದಕ್ಕೆ. ಆದೇಶ ಅಂತ ಏನೂ ಇರಲಿಲ್ಲ. ಜಾತಿ ನೋಡಿಕೊಂಡು ಹಾಗೆ ನಡೆದುಬಂದಿತ್ತು. ಹೊಸದಾಗಿ ಬಂದ ಒಬ್ಬ ಅಧಿಕಾರಿ ಅದನ್ನು ಮುರಿದರು. ಸರದಿ ಪಟ್ಟಿ ಬರೆಸಿ ಗೋಡೆಗೆ ಹಚ್ಚಿದರು. ಎಲ್ಲರೂ ಸೆಗಣಿ ಎತ್ತಬೇಕು, ಎಲ್ಲರೂ ಹಾಲು ಕರೆಯಬೇಕು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಪತ್ರಕರ್ತೆ ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಜೈಲು ಕೈಪಿಡಿಗಳಲ್ಲಿ ಅಂಥದ್ದೇನಿದ್ದರೂ ತಿದ್ದಬೇಕು ಎಂದಿತು. ಆ ಕೊಟ್ಟಿಗೆಯ ಪಟ್ಟಿ ಅದಕ್ಕಿಂತ ಮೊದಲಿನದು. ಆ ಅಧಿಕಾರಿಯ ಬಗ್ಗೆ ನನಗೆ ತುಂಬಾ ಗೌರವ. ಪ್ರಾಣಿ ಸಾಕಣೆ ಹೆಸರಿನಲ್ಲಿ ಹಳೆಯ ಮೇಲು ಕೀಳೇ ಮುಂದುವರಿದರೆ ಅದನ್ನು ಸುಧಾರಣೆ ಅಂತ ಹೇಗೆ ಕರೆಯುವುದು?

"ಸೆಗಣಿ ಎತ್ತಿದವನಿಗೇ ದನ ಮೊದಲು ಗೊತ್ತಾಗೋದು ಡಾಕ್ಟ್ರೇ" ಅಂತ ಇವರು ನನಗೆ ಹೇಳಿದ್ದಾರೆ. ಮಾತು ನೂರಕ್ಕೆ ನೂರು ನಿಜ. ಸೆಗಣಿ ತೆಳ್ಳಗೆ ಹರಿದರೆ ಹಿಂಡಿ ಜಾಸ್ತಿಯಾಗಿರಬಹುದು, ಜಂತು ಇರಬಹುದು. ಗಟ್ಟಿ ಉಂಡೆಯಾದರೆ ನೀರು ಕಡಿಮೆಯಾಗಿದೆ, ಇಲ್ಲವೇ ಜ್ವರ ಬರುತ್ತಿದೆ. ಹಾಕೇ ಇಲ್ಲ ಎಂದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಆ ಜೈಲಿಗೆ ಹೋಗುತ್ತಿದ್ದ ಪಶುವೈದ್ಯರು ನನಗೆ ಪರಿಚಯದವರು. ಬೆಳಿಗ್ಗೆ ತಾವು ಹೋಗುವ ಹೊತ್ತಿಗೆ ಯಾವ ಹಸು ನೋಡಬೇಕು ಅಂತ ಇವರು ಆಗಲೇ ಬೇರೆ ಕಟ್ಟಿರುತ್ತಿದ್ದರಂತೆ.

ಈ ಕೊಟ್ಟಿಗೆಯ ಮುಖ್ಯ ಘಟನೆ ಒಂದು ಕರುವಿನ ಸಾವು.

ಜೈಲಿನ ಗಡಿಯಾರ ಬೇರೆ, ಹಸುವಿನ ಗಡಿಯಾರ ಬೇರೆ. ಸಂಜೆ ಎಣಿಕೆ ಮುಗಿದರೆ ಬ್ಯಾರಕ್‌ಗೆ ಬೀಗ. ಬೆಳಿಗ್ಗೆ ಎಣಿಕೆ ಆದ ಮೇಲೆಯೇ ಹೊರಗೆ. ಹಾಲು ಕರೆಯುವವರನ್ನು ಮಾತ್ರ ಸ್ವಲ್ಪ ಮೊದಲು ಬಿಡುತ್ತಿದ್ದರು. ಒಂದು ಮಳೆಗಾಲದ ರಾತ್ರಿ ದಿನ ತುಂಬಿದ ಕಡಸು ಕೂಗಲು ಶುರುಮಾಡಿತು. ಚೊಚ್ಚಲು ಅದು. ಇವರಿಗೆ ಬ್ಯಾರಕ್‌ನಿಂದ ಕೂಗು ಕೇಳುತ್ತಿತ್ತು. ಕಾವಲಿನವರನ್ನು ಕರೆದು ಹೇಳಿದರು. ಅವರೂ ಪಾಪ ಏನು ಮಾಡಿಯಾರು? ರಾತ್ರಿ ಬೀಗ ತೆಗೆಯಲು ಅವರಿಗೆ ಅಧಿಕಾರ ಇಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಕರು ಹುಟ್ಟಿ, ಮೂತಿಯ ಮೇಲಿನ ಪೊರೆ ಹರಿಯದೆ ಉಸಿರುಗಟ್ಟಿ ಸತ್ತಿತ್ತು. ಒಬ್ಬರು ಪಕ್ಕದಲ್ಲಿದ್ದು ಕೈಯಿಂದ ಪೊರೆ ತೆಗೆದು ಮೂಗು ಒರೆಸಿದ್ದರೆ ಬದುಕುತ್ತಿತ್ತು.

ಇವರು ಅದರ ಬಗ್ಗೆ ದೂರು ಬರೆಯಲಿಲ್ಲ. ಕೊಟ್ಟಿಗೆಯ ರಿಜಿಸ್ಟರಿನಲ್ಲಿ ಆದದ್ದನ್ನು ಬರೆದರು. ಯಾವ ಹಸು, ಗರ್ಭಕಟ್ಟಿಸಿದ ದಿನ ಯಾವುದು, 280 ದಿನದ ಲೆಕ್ಕದಲ್ಲಿ ಈಯಬೇಕಾದ ದಿನ ಯಾವುದು, ಕೂಗಲು ಶುರುಮಾಡಿದ್ದು ಎಷ್ಟು ಹೊತ್ತಿಗೆ, ಕರು ಸಿಕ್ಕಿದ್ದು ಎಷ್ಟು ಹೊತ್ತಿಗೆ. ಕೆಳಗೆ ಒಂದು ಸಾಲು: ಮುಂದಿನ ತಿಂಗಳು ಇನ್ನೊಂದು ಹಸು ಈಯಲಿದೆ. ಪಶುವೈದ್ಯರು ಆ ಪುಟವನ್ನು ಅಧಿಕಾರಿಗೆ ತೋರಿಸಿದರು. ಅದಾದ ಮೇಲೆ ಹಸು ಈಯುವ ದಿನಗಳಲ್ಲಿ ಇಬ್ಬರು ಕೈದಿಗಳು ಒಬ್ಬ ಕಾವಲಿನವರ ಜೊತೆ ಕೊಟ್ಟಿಗೆ ಪಕ್ಕದ ಹಿಂಡಿ ಕೋಣೆಯಲ್ಲಿ ಮಲಗಬಹುದು ಅಂತ ಲಿಖಿತ ಅನುಮತಿ ಬಂತು. ಯಾರೂ ಓಡಿಹೋಗಲಿಲ್ಲ. ಮುಂದಿನ ಕರು ಬದುಕಿತು, ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಿತು.

ಇಡೀ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದು. ಏಳನೇ ಕ್ಲಾಸು ಓದಿದ ಒಬ್ಬ ಕೈದಿ ಸರಿಯಾದ ಲೆಕ್ಕ ಬರೆದಿಟ್ಟ. ಆ ಲೆಕ್ಕ ನೋಡಿ ಜೈಲು ತನ್ನ ನಿಯಮವನ್ನು ಒಂದು ಇಂಚು ಸಡಿಲಿಸಿತು. ತಾನು ಬರೆದ ಅಕ್ಷರಕ್ಕೆ ಬೆಲೆ ಸಿಕ್ಕಿದ್ದು ಅವರ ಜೀವನದಲ್ಲಿ ಅದೇ ಮೊದಲು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕೊಟ್ಟಿಗೆಗೆ ಕಳಿಸುವುದು ಮೊದಲೇ ಒಳ್ಳೆಯ ನಡತೆ ಇದ್ದವರನ್ನು. ಹಾಗಾಗಿ ಕೊಟ್ಟಿಗೆಯಲ್ಲಿ ದುಡಿದವರು ಮತ್ತೆ ತಪ್ಪು ಮಾಡಲಿಲ್ಲ ಎಂದರೆ ಅದೆಲ್ಲ ಹಸುವಿನ ಮಹಿಮೆ ಅಂತ ಹೇಳಲು ಬರುವುದಿಲ್ಲ.

ಬಿಡುಗಡೆ ಆದ ಮೇಲೆ

ಬರುವಾಗ ಒಂದು ಚೀಲ, ಬಿಡುಗಡೆ ಪತ್ರ, ಬ್ಯಾಂಕಿನ ಪಾಸ್‌ಬುಕ್. ರಿಜಿಸ್ಟರ್ ಜೈಲಿನ ಆಸ್ತಿ, ಅದು ಅಲ್ಲೇ ಉಳಿಯಿತು. ಅಷ್ಟು ವರ್ಷ ಹಸು ನೋಡಿಕೊಂಡೆ ಅಂತ ತೋರಿಸಲು ಒಂದು ಚೀಟಿಯೂ ಇಲ್ಲ. ಇವರು ಒಳಗೆ ಹೋದಾಗ ಆಧಾರ್ ಎಂಬುದೇ ಇರಲಿಲ್ಲ, ಅದು ಶುರುವಾದದ್ದು 2010ರಲ್ಲಿ. ಮನೆಯ ರೇಷನ್ ಕಾರ್ಡಿನಿಂದ ಹೆಸರು ಯಾವಾಗಲೋ ಬಿದ್ದುಹೋಗಿತ್ತು. ಪಾಸ್‌ಬುಕ್ಕಿನಲ್ಲಿ ವಿಳಾಸದ ಜಾಗದಲ್ಲಿ ಜೈಲಿನ ಹೆಸರು. ಎಲ್ಲೇ ತೋರಿಸಿದರೂ ಎದುರಿನವರು ಒಮ್ಮೆ ತಲೆಯೆತ್ತಿ ಮುಖ ನೋಡುತ್ತಿದ್ದರು.

ದುಡ್ಡಿನ ವಿಷಯದಲ್ಲಿ ಸ್ವಲ್ಪ ನೆಮ್ಮದಿ ಇತ್ತು. ಕರ್ನಾಟಕದಲ್ಲಿ ಕೈದಿಗಳ ಕೂಲಿಯನ್ನು ಈಚೆಗೆ ಚೆನ್ನಾಗಿಯೇ ಏರಿಸಿದ್ದಾರೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ದಿನಕ್ಕೆ ₹524. ಕೊನೆಯ ಅವಧಿಯ ಉಳಿತಾಯದಲ್ಲಿ ಒಂದು ಮಿಶ್ರತಳಿ ಹಸು ಕೊಳ್ಳಲು ಆಯಿತು. ಮನೆಯಲ್ಲಿ ವಯಸ್ಸಾದ ತಾಯಿ, ಒಂದು ಮಲೆನಾಡು ಗಿಡ್ಡ ಹಸು, ಪಾಲಾಗದ ಜಮೀನು.

ಕಲಿತ ವಿದ್ಯೆಯೂ ನೇರ ಉಪಯೋಗಕ್ಕೆ ಬರಲಿಲ್ಲ. ಜೈಲಿನಲ್ಲಿ ಕತ್ತರಿಸಿದ ಹಸಿಮೇವು, ಚೀಲದಲ್ಲಿ ಬರುವ ಹಿಂಡಿ, ಸಿಮೆಂಟು ನೆಲ. ಇಲ್ಲಿ ಬೆಟ್ಟದ ಮೇವು, ಬಿಳಿಹುಲ್ಲು, ಅಕ್ಕಚ್ಚು, ಕೊಟ್ಟಿಗೆಗೆ ಹಾಸಲು ಸೊಪ್ಪು ಮತ್ತು ದರಕು, ಅಂದರೆ ಒಣಗಿದ ಎಲೆ. ಗಿಡ್ಡ ಹಸು ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ಅದೇ ದೊಡ್ಡದು, ಅದೂ ಕರು ಬಿಡದೆ ಹಾಲು ಇಳಿಸುವುದಿಲ್ಲ. ಜೂನ್ ಬಂದರೆ ಸೆಪ್ಟೆಂಬರ್ ತನಕ ಕಾಲಡಿ ಒಣಗುವುದೇ ಇಲ್ಲ, ಗೊರಸು ಕೊಳೆಯುತ್ತದೆ. ಕಾಡಿಗೆ ಹೋಗಿ ಬಂದ ದನದ ಮೈಮೇಲೆ ಉಣುಗು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 2024ರಲ್ಲಿ ನಮ್ಮ ಸಿದ್ದಾಪುರದಲ್ಲಿ ಎಷ್ಟು ಕಾಡಿತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಲ್ಲಿ ಮೀಯುವುದು, ದನದ ಕಿವಿ ಸಂದು ನೋಡುವುದು, ಇದನ್ನೆಲ್ಲ ಇವರು ತಾಯಿಯಿಂದ ಮತ್ತೆ ಕಲಿತರು.

ಹಾಲಿನ ಸಂಘದಲ್ಲಿ ಮೊದಲು ಹಿಂಜರಿದರು. ಸದಸ್ಯರಲ್ಲಿ ಕೆಲವರು ಬೇಡ ಎಂದರು. ಕಾರ್ಯದರ್ಶಿ ಒಂದು ದಾರಿ ಕಂಡುಕೊಂಡರು: ಸದಸ್ಯತ್ವದ ಮಾತು ಆಮೇಲೆ, ಈಗ ಹಾಲು ತರಲಿ, ಪರೀಕ್ಷೆ ಮಾಡೋಣ. ನಮ್ಮ ಜಿಲ್ಲೆಯ ಸಂಘಗಳು ಧಾರವಾಡ ಹಾಲು ಒಕ್ಕೂಟದ ಕೆಳಗೆ ಬರುತ್ತವೆ. ಕ್ಯಾನಿಗೆ ಸುರಿಯುವ ಮೊದಲು ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡುತ್ತಾರೆ, ಚೀಟಿ ಬರುತ್ತದೆ, ಅದರ ಮೇಲೆ ದರ. ಯಂತ್ರಕ್ಕೆ ಇವರ ಹಿಂದಿನ ಕಥೆ ಗೊತ್ತಿಲ್ಲ. ಇವರು ಜೈಲಿನಲ್ಲಿ ಕಲಿತ ಹಾಗೆಯೇ ಮೊದಲ ಎರಡು ಮೂರು ಧಾರೆ ಬೇರೆ ಬಟ್ಟಲಿಗೆ ಕರೆದು, ಗೆಡ್ಡೆ ಗೆಡ್ಡೆಯಾಗಿದೆಯಾ ಅಂತ ನೋಡಿ, ಕೆಚ್ಚಲು ತೊಳೆದು ಒರೆಸಿ ಹಾಲು ಹಿಂಡುತ್ತಿದ್ದರು. ಇವರ ಹಾಲು ಒಡೆದದ್ದಿಲ್ಲ, ವಾಪಸ್ ಬಂದದ್ದಿಲ್ಲ. ದಿನಕ್ಕೆ ಎರಡು ಚೀಟಿ, ಪ್ರತಿ ದಿನ. ರಿಜಿಸ್ಟರ್ ಕಳೆದುಕೊಂಡವರಿಗೆ ಹೊಸ ದಾಖಲೆಯೊಂದು ಹೀಗೆ ಹುಟ್ಟತೊಡಗಿತು.

ಹಾಲುಜ್ವರದ ರಾತ್ರಿ

ಊರಿನವರ ನಡವಳಿಕೆ ಬದಲಾದದ್ದು ಒಂದು ರಾತ್ರಿಯ ನಂತರ. ನೆರೆಮನೆಯ ಮಿಶ್ರತಳಿ ಹಸು ಹಿಂದಿನ ದಿನ ಕರು ಹಾಕಿತ್ತು. ಮೂರನೇ ಸೂಲು, ಒಳ್ಳೆಯ ಹಾಲಿನ ಹಸು. ರಾತ್ರಿ ಬಿದ್ದುಕೊಂಡಿತು, ಏಳಲೇ ಇಲ್ಲ. ಮನೆಯವರು ಗೊಟ್ಟ (ದನದ ಬಾಯಿಗೆ ಔಷಧ ಸುರಿಯುವ ಬಿದಿರಿನ ಕೊಳವೆ) ತಂದು ಕಷಾಯ ಕುಡಿಸಲು ಹೊರಟಿದ್ದರು. ಮನೆಯಾಕೆ ಬೇಲಿಯಾಚೆಯಿಂದ ಕೂಗಿ ಕರೆದರು: "ಅಣ್ಣಾ, ಒಂಚೂರು ಬಂದು ನೋಡಿ." ಅವರ ಅಂಗಳಕ್ಕೆ ಇವರು ಕಾಲಿಟ್ಟದ್ದು ಊರಿಗೆ ಬಂದ ಮೇಲೆ ಅದೇ ಮೊದಲ ಸಲ.

ಇವರು ಹೋಗಿ ಕಿವಿ ಮುಟ್ಟಿದರು, ತಣ್ಣಗಿತ್ತು. ಹಸು ಕುತ್ತಿಗೆಯನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿತ್ತು. ಮೂತಿ ಒಣಗಿತ್ತು. ಮೊದಲು ಗೊಟ್ಟ ತಡೆದರು. ಈ ಸ್ಥಿತಿಯಲ್ಲಿ ಹಸುವಿಗೆ ನುಂಗಲು ಆಗುವುದಿಲ್ಲ, ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಎಷ್ಟೋ ಹಸುಗಳು ಕಾಯಿಲೆಗಿಂತ ಆ ಕಷಾಯದಿಂದಲೇ ಸಾಯುತ್ತವೆ. ಆಮೇಲೆ ಮನೆಯವರನ್ನು ಸೇರಿಸಿಕೊಂಡು ಹಸುವನ್ನು ಎದೆ ನೆಲಕ್ಕೆ ಬರುವಂತೆ ಕೂರಿಸಿದರು, ಪಕ್ಕಕ್ಕೆ ಉರುಳದಂತೆ ಎರಡೂ ಬದಿ ಹುಲ್ಲಿನ ಹೊರೆ ಒತ್ತಿದರು. ಹೊಟ್ಟೆ ಉಬ್ಬರಿಸದಿರಲಿ ಅಂತ ಈ ಉಪಾಯ. ಮೈಮೇಲೆ ಗೋಣಿ ಹೊದಿಸಿ ನನಗೆ ಫೋನ್ ಮಾಡಿದರು. "ಡಾಕ್ಟ್ರೇ, ಹಾಲುಜ್ವರ ಇದ್ದ ಹಾಗಿದೆ. ಕ್ಯಾಲ್ಸಿಯಂ ತಗೊಂಡೇ ಬನ್ನಿ" ಎಂದರು.

ಕರು ಹಾಕಿದ ಕೂಡಲೇ ಹಾಲಿಗೆ ಒಮ್ಮೆಲೇ ಸುಣ್ಣದ ಅಂಶ ಹರಿದುಹೋಗಿ ರಕ್ತದಲ್ಲಿ ಅದು ಕುಸಿಯುವುದರಿಂದ ಹೀಗಾಗುತ್ತದೆ. ತಡವಾದರೆ ಬೆಳಗಾಗುವುದರೊಳಗೆ ಸಾಯಬಹುದು. ನಾನು ಹೋಗಿ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿ, ಎದೆಬಡಿತ ಕೇಳಿಸಿಕೊಳ್ಳುತ್ತಾ ಹಾಕಿದೆ. ಹಸುವಿಗೆ ಮೈ ನಡುಕ ಬಂತು, ತೇಗಿತು, ಸೆಗಣಿ ಹಾಕಿತು, ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. ಔಷಧ ನನ್ನದು. ಆದರೆ ನಾನು ಬರುವ ತನಕ ಹಸು ಜೀವಂತ ಇದ್ದದ್ದು ಇವರಿಂದ. ಅದನ್ನು ಆ ಅಂಗಳದಲ್ಲಿ ನಿಂತ ಎಲ್ಲರ ಎದುರು ಹೇಳಿದೆ. ಹೇಳಲೇಬೇಕಾದ ಮಾತು ಅದು.

ಆಮೇಲೆ ಕರೆಗಳು ಬಂದವು. ಗೊರಸು ಕತ್ತರಿಸಲು, ಕರುವಿಗೆ ಜಂತಿನ ಔಷಧ ಯಾವಾಗ ಅಂತ ಕೇಳಲು, ಹಸು ಬೆದೆಗೆ ಬಂದಿದೆಯಾ ನೋಡಲು. ಹಾಗೇ ಇಂಜೆಕ್ಷನ್ ಕೊಡಿ ಅಂತಲೂ ಕೇಳತೊಡಗಿದರು. ಅಲ್ಲಿ ನಾನು ಗಟ್ಟಿಯಾಗಿ ಬೇಡ ಎಂದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ, ಸಣ್ಣಪುಟ್ಟ ಸೇವೆಗಳಿಗೂ ಮೇಲ್ವಿಚಾರಣೆ ಬೇಕು. ಬೇರೆಯವರಿಗೆ ಒಂದು ತಪ್ಪು ಮಾಫಿಯಾದೀತು. ಇವರ ಕೈಯಲ್ಲಿ ಒಂದು ಹಸು ಸತ್ತರೆ ಊರು ಇವರ ಹಳೆಯ ಕೇಸನ್ನೇ ಎತ್ತುತ್ತದೆ. ಅವರಿಗೂ ಅದು ಅರ್ಥವಾಯಿತು. ಸೂಜಿ ಮುಟ್ಟಿಲ್ಲ.

ಸತ್ತವರ ಮನೆಯಿಂದ ಮಾತ್ರ ಕರೆ ಬಂದಿಲ್ಲ. ಅವರ ಮನೆಯಲ್ಲೂ ದನ ಇದೆ. ಆ ಮನೆಯವರು ಸಂಘಕ್ಕೆ ಹಾಲು ತರುವ ಹೊತ್ತು ಬೇರೆ ಮಾಡಿಕೊಂಡರು ಅಂತ ಗೊತ್ತಾದ ಮೇಲೆ, ಇವರು ತಾವೇ ಮೊದಲು ಹೋಗಿ ಮುಗಿಸಿ ಬರತೊಡಗಿದರು, ಅವರು ಕಾಯುವಂತಾಗಬಾರದು ಅಂತ. ಆ ಮನೆಯ ದಾರಿಯಲ್ಲಿ ನಡೆಯುವುದನ್ನೂ ಬಿಟ್ಟಿದ್ದಾರೆ. ಆ ಮನೆಯವರು ಕ್ಷಮಿಸಬೇಕು ಅಂತ ಹೇಳಲು ನಾನು ಯಾರು? ಒಬ್ಬರು ಒಳ್ಳೆಯ ಗೋಪಾಲಕರಾದರೆ ಇನ್ನೊಂದು ಮನೆಗೆ ಹೋದ ಜೀವ ಬರುವುದಿಲ್ಲ. ಪುನರ್ವಸತಿಯ ಬಗ್ಗೆ ಬರೆಯುವವರು ಈ ಮನೆಯನ್ನು ಲೆಕ್ಕದಿಂದ ಬಿಡಬಾರದು.

ಬೇರೆ ಕಡೆ ಹೇಗೆ ಮಾಡಿದರು

ಇಂಥ ಕಾರ್ಯಕ್ರಮಗಳ ಇತಿಹಾಸದಲ್ಲಿ ಅಮೆರಿಕದ ಓಹಿಯೋ ರಾಜ್ಯದ ಲಿಮಾ ಊರಿನ ಹೆಸರು ಬರುತ್ತದೆ. ಅಪರಾಧ ಮಾಡಿದ ಮಾನಸಿಕ ರೋಗಿಗಳನ್ನಿಡುವ ಆಸ್ಪತ್ರೆ ಅದು. 1975ರಲ್ಲಿ ಅಲ್ಲಿನ ರೋಗಿಗಳು ಗಾಯಗೊಂಡ ಒಂದು ಹಕ್ಕಿಯನ್ನು ಗುಟ್ಟಾಗಿ ಸಾಕಿದರು. ಅದನ್ನು ಕಂಡ ಸಮಾಜ ಕಾರ್ಯಕರ್ತರು ವಾರ್ಡಿಗೆ ಸಾಕುಪ್ರಾಣಿಗಳನ್ನು ತರಿಸಿದರು. 1981ರಲ್ಲಿ ವಾಷಿಂಗ್ಟನ್ ರಾಜ್ಯದ ಮಹಿಳಾ ಜೈಲಿನಲ್ಲಿ ಅಂಗವಿಕಲರಿಗೆ ನೆರವಾಗುವ ನಾಯಿಗಳನ್ನು ಕೈದಿಗಳೇ ಪಳಗಿಸಲು ಶುರುಮಾಡಿದರು. ಜಪಾನಿನ ಶಿಮಾನೆ ಅಸಾಹಿಯಲ್ಲಿ 2008ರಲ್ಲಿ ತೆರೆದ ಜೈಲಿನಲ್ಲಿ ಕೈದಿಗಳು ಕಣ್ಣು ಕಾಣದವರಿಗಾಗಿ ನಾಯಿಮರಿ ಸಾಕುತ್ತಾರೆ, ವಾರದ ಕೊನೆಗೆ ಆ ಮರಿಗಳು ಹತ್ತಿರದ ಊರಿನ ಮನೆಗಳಿಗೆ ಹೋಗಿ ಬರುತ್ತವೆ. ನಮ್ಮ ಪಕ್ಕದ ಕೇರಳದಲ್ಲಿ ನೆಟ್ಟುಕಾಲ್ತೇರಿಯ ತೆರೆದ ಜೈಲು 1962ರಿಂದ ಇದೆ, ರಬ್ಬರ್ ತೋಟದ ಜೊತೆ ಹೈನುಗಾರಿಕೆಯೂ ಇದೆ.

ನಾಯಿಯ ಕಾರ್ಯಕ್ರಮಕ್ಕೂ ನಮ್ಮ ಕೊಟ್ಟಿಗೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ನಾಯಿ ಹೊರಗೆ ಹೋಗುತ್ತದೆ, ಕೈದಿ ಒಳಗೇ ಇರುತ್ತಾನೆ. ಪಳಗಿದ ನಾಯಿಯೇ ಅವನ ಕೆಲಸಕ್ಕೆ ಸಾಕ್ಷಿಯಾಗಿ ಊರಲ್ಲಿ ಓಡಾಡುತ್ತದೆ. ನಮ್ಮಲ್ಲಿ ಹಸು ಒಳಗೆ ಉಳಿಯುತ್ತದೆ, ಮನುಷ್ಯ ಹೊರಗೆ ಬರುತ್ತಾನೆ, ಬರಿಗೈಯಲ್ಲಿ. ಹಾಗಾಗಿ ಸಾಕ್ಷಿಯನ್ನು ಕಾಗದದ ಮೇಲೆ ಕೊಟ್ಟೇ ಕಳಿಸಬೇಕಾಗುತ್ತದೆ.

ಕಾರವಾರದ ಜಿಲ್ಲಾ ಜೈಲಿನಲ್ಲೂ ಹಸು ಸಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಶೇ. 75.8 ಮಂದಿ ವಿಚಾರಣಾಧೀನರು. ಜಿಲ್ಲಾ ಜೈಲುಗಳಲ್ಲಿ ಹೆಚ್ಚಾಗಿ ಇರುವವರು ಇವರೇ. ಇವರಿಂದ ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ. ಇವತ್ತು ಇದ್ದವರು ನಾಳೆ ಜಾಮೀನಿನ ಮೇಲೆ ಹೋಗುತ್ತಾರೆ. ಗಬ್ಬವೇ ಒಂಬತ್ತು ತಿಂಗಳು ಮೀರುವ ಹಸುವನ್ನು ದಿನದಿನಕ್ಕೆ ಬದಲಾಗುವ ಕೈಗಳಿಗೆ ಕೊಟ್ಟರೆ ಕಷ್ಟಪಡುವುದು ಹಸು. ಅಲ್ಲಿಗೆ ಬೇರೆಯದೇ ಬೇಕು. ಇಷ್ಟಪಟ್ಟು ಬಂದವರಿಗೆ ಕೆಚ್ಚಲು ಬಾವು ಗುರುತಿಸುವುದು, ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಯಾಕೆ, ಹುಚ್ಚುನಾಯಿ ಕಡಿದರೆ ಏನು ಮಾಡಬೇಕು, ಇಂಥದ್ದರ ಸಣ್ಣ ಪಾಠ. ಗ್ರಾಮೀಣರಿಗೆ ಸ್ವಉದ್ಯೋಗ ತರಬೇತಿ ಕೊಡುವ, ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಂಥ ಸಂಸ್ಥೆ ಜಿಲ್ಲೆಯಲ್ಲೇ ಇದೆ. ಜೈಲು, ಪಶು ಇಲಾಖೆ ಮತ್ತು ಅವರು ಒಟ್ಟಿಗೆ ಕೂತರೆ ಆಗದ ಕೆಲಸವೇನಲ್ಲ. ದೀರ್ಘ ಶಿಕ್ಷೆಯವರಿಗೆ, ಜಮೀನು ಇರುವ ಜೈಲುಗಳಿಗೆ ಹಸು ಸರಿ.

ಈಗಿನ ಸ್ಥಿತಿ

ಕೊಟ್ಟಿಗೆಯಲ್ಲಿ ಈಗ ಎರಡು ಮಿಶ್ರತಳಿ ಹಸು, ಗಿಡ್ಡ ಹಸು ಮತ್ತು ಅದರ ಕರು. ಮೂರನೇ ಮಿಶ್ರತಳಿ ಹಸುವಿಗೆ ಸಾಲ ಬೇಕು. 2018–19ರ ಬಜೆಟ್‌ನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಪಶುಪಾಲನೆಗೂ ವಿಸ್ತರಿಸಿದರು. ಇವರ ಅರ್ಜಿ ಮಾತ್ರ ಮುಂದೆ ಹೋಗಿಲ್ಲ. ಜಮೀನು ಇನ್ನೂ ಪಾಲಾಗಿಲ್ಲ, ಬ್ಯಾಂಕಿನವರು ಹಿಂದಿನ ಅನುಭವ ಏನು ಅಂತ ಕೇಳುತ್ತಾರೆ, ಸಂಘದ ಸದಸ್ಯತ್ವ ಮುಂದಿನ ಸಾಮಾನ್ಯ ಸಭೆಗೆ ಬರಬೇಕು. ಕಾರ್ಯದರ್ಶಿ ಹಾಲಿನ ಚೀಟಿಗಳ ಲೆಕ್ಕ ತೆಗೆದು ಸಭೆಯ ಮುಂದಿಡುತ್ತೇನೆ ಎಂದಿದ್ದಾರೆ.

ಆ ಜೈಲಿಗೆ ಇವರ ಹೆಸರಲ್ಲಿ ಒಂದು ಅರ್ಜಿ ಬರೆದು ಕಳಿಸಿದ್ದೇವೆ. ಕೇಳಿರುವುದು ಒಂದೇ ಹಾಳೆ. ಎಷ್ಟು ವರ್ಷ ಕೊಟ್ಟಿಗೆಯಲ್ಲಿದ್ದರು, ಎಷ್ಟು ಹಸು ನೋಡಿಕೊಂಡರು, ಯಾವ ಯಾವ ಕೆಲಸ ಬರುತ್ತದೆ, ಕೆಳಗೆ ಪಶುವೈದ್ಯರ ಸಹಿ. ಜೊತೆಗೆ ರಿಜಿಸ್ಟರಿನಲ್ಲಿ ಇವರ ಕೈಬರಹದ ಪುಟಗಳ ಪ್ರತಿ. ಆ ಹಾಳೆಯಲ್ಲಿ ಅಪರಾಧದ ವಿವರ ಬೇಡ, ಅದು ಬಿಡುಗಡೆ ಪತ್ರದಲ್ಲಿ ಹೇಗೂ ಇದೆ. ಅಲ್ಲಿನ ಪಶುವೈದ್ಯರು ಸಹಿ ಹಾಕಲು ಒಪ್ಪಿದ್ದಾರೆ. ಇನ್ನು ಜೈಲಿನ ಕಚೇರಿಯಿಂದ ಉತ್ತರ ಬರಬೇಕು.